ಪಟ್ಟ ಇಳಿಸಿದ ಚೀಯಮ್ಮ

ಹೆಬ್ಬೆರಳಿನ ಉಗುರಿನ ಮೇಲೆ ಜೇನೊಂದು ಬಂದು ಕೂತಿದೆ, ದ್ರಾಕ್ಷಿಯ ರಸ ಒಣಗಿ ಅಂಟಾದ ಕಡೆ, ಕೂರಲಿ, ಅಲುಗಿಸದಿದ್ದರೆ ಅದೇನೂ ಕಚ್ಚುವುದಿಲ್ಲ, ಮೂಕಯ್ಯ ಆ ಬೆರಳನ್ನು ಹಾಗೇ ಎತ್ತಿ ಹಿಡಿದುಕೊಂಡು ಉಳಿದ ಬೆರಳುಗಳಲ್ಲಿ ಗೊಂಚಲನ್ನು ತಿರುಗಿಸುತ್ತಾನೆ, ಒಡೆದ ಹಣ್ಣು ಎಲ್ಲಿ, ಸೊರಗಿದ್ದು ಎಲ್ಲಿ, ಬಲಗೈಯ ಸಣ್ಣ ಕತ್ತರಿ ತಾನಾಗಿಯೇ ಹುಡುಕಿಕೊಂಡು ಹೋಗಿ ತೊಟ್ಟು ಕತ್ತರಿಸುತ್ತದೆ, ಕಣ್ಣು ಬೇಕಾಗಿಲ್ಲ, ಅರವತ್ತು ವರ್ಷದ ಕೆಲಸ, ಕಣ್ಣು ಎದುರಿನ ಕ್ರೇಟಿಗೆ ಒರಗಿಸಿಟ್ಟ ಫೋನಿನ ಮೇಲಿದೆ, ಅದರಲ್ಲಿ ಜಪಾನಿನ ಇಬ್ಬರು ಹೆಣ್ಣುಮಕ್ಕಳು ಒಬ್ಬಳ ಕೂದಲನ್ನು ಒಬ್ಬಳು ಹಿಡಿದು ಹಗ್ಗದಿಂದ ಹಗ್ಗಕ್ಕೆ ಎಳೆದಾಡುತ್ತಿದ್ದಾರೆ — ಇದು ಮೂರನೆಯ ಕುಸ್ತಿ, ಚೀಯಮ್ಮನದು ಐದನೆಯದು, ಒಂದು ವರ್ಷದ ಮೇಲೆ ಇವತ್ತು ಅವಳು ಮತ್ತೆ ಕಟ್ಟೆ ಹತ್ತುತ್ತಾಳಂತೆ, ಅಲ್ಲಿ ಆಗಲೇ ಮಧ್ಯಾಹ್ನ, ಇಲ್ಲಿ ಕಂಬಂ ಕಣಿವೆಯಲ್ಲಿ ಇನ್ನೂ ಹತ್ತೂವರೆ, ಗೂಡಲೂರಿನ ಕಡೆಯಿಂದ ಆನಿ ತಿಂಗಳ ಗಾಳಿ ಘಟ್ಟ ಇಳಿದು ಬಂದು ಚಪ್ಪರದ ಎಲೆಗಳನ್ನೆಲ್ಲ ಬೆಳ್ಳಗೆ ಮಗುಚಿ ಹಾಕುತ್ತಿದೆ, ಹತ್ತದೆ ಹೋದರೆ, ಕಾಲು ಇನ್ನೂ ಸರಿಯಿಲ್ಲ ಎಂದು ಕೊನೆಯ ಗಳಿಗೆಯಲ್ಲಿ ಹೇಳಿಬಿಟ್ಟರೆ, ಹೋದ ಪಂಗುನಿ ತಿಂಗಳಲ್ಲಿ ಹಾಗೇ ಆಯಿತಲ್ಲ, ಬರುತ್ತಾಳೆ ಎಂದರು, ಬರಲಿಲ್ಲ, ಹೆಂಡತಿಯ ವರ್ಷದ ತಿಥಿಗೆ ಇನ್ನು ಇಪ್ಪತ್ತೇ ದಿನ, ಸ್ವಾಮೀ ನಂದಗೋಪಾಲಾ, ಅಷ್ಟರೊಳಗೆ ಆ ಹುಡುಗಿಯನ್ನು ಒಂದು ಸಲ ಹತ್ತಿಸಿಬಿಡು.

ಮಾವಾ, ಆ ಕ್ರೇಟ್ ಆಯ್ತಾ, ಎಂದು ಚಪ್ಪರದ ಆ ತುದಿಯಿಂದ ಸೊಸೆ ಸರಸು ಕೂಗುತ್ತಾಳೆ, ಆಗ್ತದೆ ಆಗ್ತದೆ, ಎಂದು ಅವನು, ಕುಮುಳಿ ಲಾರಿ ಬಂದ್ಬುಡ್ತದೆ, ನೀವು ಆ ಪೊಂಬಳೆಗಳ ಹೊಡೆದಾಟ ನೋಡ್ಕೊಂಡು ಕೂತ್ರೆ ಹಣ್ಣೆಲ್ಲ ಇಲ್ಲೇ ಕೊಳೀತದೆ, ಎನ್ನುತ್ತಾಳೆ, ನಗುತ್ತಲೇ ಎನ್ನುತ್ತಾಳೆ, ಅವನಿಗೆ ಬೇಸರವಿಲ್ಲ, ಒಂದು ಕಾಲದಲ್ಲಿ ಇದೇ ಮಾತನ್ನು ಇದೇ ಬಾಯಲ್ಲಿ ಅವನೂ ಆಡಿದವನೇ, ಹೆಂಡತಿ ಕಾಳಿಯಮ್ಮಾಳ್ ಮಲಗಿದ ಮಂಚದ ಹತ್ತಿರ ನಿಂತುಕೊಂಡು, ಥೂ ಇದೇನಿದು, ಹೆಂಗಸರು ಚಡ್ಡಿ ಹಾಕ್ಕೊಂಡು ಹೊಡೆದಾಡೋದನ್ನ ಬೆಳಗಾಗ ಎದ್ದು ನೋಡ್ತಾರಾ, ಸಾಮಿ ಪಟ ಇರೋ ಮನೇಲಿ. ಕಾಳಿಗೆ ಆಗ ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಕೈ, ಕಾಲು, ಮುಖದಲ್ಲೂ ಅರ್ಧ, ಬೋಡಿಮೆಟ್ಟಿನ ಏಲಕ್ಕಿ ತೋಟದಿಂದ ತಲೆಯ ಮೇಲೆ ಮೂಟೆ ಹೊತ್ತು ಇಳಿಯುತ್ತಿದ್ದವಳು ಒಂದು ಲೋಟ ಎತ್ತಲಾರದೆ ಮಲಗಿದ್ದಳು, ದಿಂಡುಕಲ್ಲಿನಲ್ಲಿ ಕೈಕಾಲಿಗೆ ವ್ಯಾಯಾಮ ಕೊಡುವ ಪಾಠ ಓದುವ ಮೊಮ್ಮಗಳು ಇಂದುಜಾ ಶನಿವಾರ ಬಂದಾಗಲೆಲ್ಲ ಅಜ್ಜಿಯ ಕಾಲು ಹಿಡಿದು ಮಡಿಸಿ ನೀಡಿ ಮಾಡುತ್ತಿದ್ದಳು, ಅಜ್ಜಿ ಬೇಡ ಬೇಡ ಎಂದು ಅಳುತ್ತಿದ್ದಳು, ಒಂದು ದಿನ ಇಂದುಜಾ ಫೋನನ್ನು ಎದುರಿಗೆ ಹಿಡಿದು, ಅಮ್ಮಾಚಿ ಇದ ಪಾರು, ನೋಡು, ಇವ್ಳು ಬಿದ್ಳು ನೋಡು, ಎದ್ಳು ನೋಡು, ಎಂದಳು — ಅಷ್ಟೇ. ಆಮೇಲೆ ಅದೇ ಪಾಠವಾಯಿತು. ಅಲ್ಲಿ ಒಬ್ಬಳು ಏಳುವಷ್ಟರಲ್ಲಿ ಇಲ್ಲಿ ಕಾಲು ಮಡಿಸಬೇಕು. ಎರಡು ವರ್ಷದಲ್ಲಿ ಅವಳಿಗೆ ಅವರೆಲ್ಲರೂ ಗೊತ್ತಾದರು, ಯಾರು ಯಾವ ಜೋಡಿ ಬಿಟ್ಟು ಯಾವ ಗುಂಪು ಸೇರಿದಳು, ಯಾರು ಕಂಪನಿಯನ್ನೇ ಬಿಟ್ಟು ಹೋದಳು, ಪರೀಕ್ಷೆಯಲ್ಲಿ ಪಾಸಾಗಿ ಹೊಸದಾಗಿ ಬಂದ ಹದಿನಾರರ ಹುಡುಗಿ ಯಾರು, ಹೆಸರು ಮಾತ್ರ ಅವಳೇ ಇಟ್ಟವು, ತೊಮೊಯೆ ಅಸಾಗಿರಿ ಎಂಬ ದಪ್ಪ ಹುಬ್ಬಿನವಳು ಗೂಡಲೂರುಕಾರಿ, ಏಕೆಂದರೆ ಗೂಡಲೂರಿನ ಅವಳ ನಾದಿನಿಗೂ ಅದೇ ಹುಬ್ಬು, ಅದೇ ಸಿಟ್ಟು, ಕುಳ್ಳಗೆ ಗಟ್ಟಿಯಾಗಿ ಬೆನ್ನು ಬಾಗಿಸಿ ನಡೆಯುವ ಚಿಯೋ ಕುರೋಬೆ ಮಾತ್ರ ನಮ್ಮ ಚೀಯಮ್ಮ. ನಮ್ಮ. ಆ ಚೀಯಮ್ಮ ಚಿನ್ನದ ಬಣ್ಣದ ಬೆಲ್ಟು ಗೆದ್ದ ದಿನ ಕಾಳಿ ಎಡಗೈಯಲ್ಲಿ ಮಂಚದ ಪಟ್ಟಿ ಬಡಿದು ಸರಸುವಿನಿಂದ ಪಾಯಸ ಮಾಡಿಸಿದಳು, ಅವನೂ ಕುಡಿದ, ಏನಕ್ಕೆ ಪಾಯಸ ಎಂದು ಕೇಳಲಿಲ್ಲ, ಆಗಲೇ ಅವನೂ ಬಾಗಿಲ ಹತ್ತಿರ ನಿಂತಂತೆ ಮಾಡಿ ನೋಡುವುದಕ್ಕೆ ತೊಡಗಿದ್ದ.

ಜೇನು ಹಾರಿಹೋಯಿತು. ಮೂರನೆಯದು ಮುಗಿದಿದೆ, ಗೆದ್ದವಳು ಬಗ್ಗಿ ನಮಸ್ಕಾರ ಮಾಡುತ್ತಾಳೆ, ಎಷ್ಟು ಬಗ್ಗುತ್ತಾರೆ ಆ ಜನ, ಗೆದ್ದರೂ ಬಗ್ಗುತ್ತಾರೆ ಸೋತರೂ ಬಗ್ಗುತ್ತಾರೆ, ಅವತ್ತೂ ಹೀಗೇ ಬಗ್ಗಿದ್ದರು — ಅವತ್ತು — ಬೇಡ ಎಂದರೂ ಮನಸ್ಸು ಅಲ್ಲಿಗೇ ಹೋಗುತ್ತದೆ, ಹೋದ ವರ್ಷ ಆಡಿ ತಿಂಗಳ ಮೊದಲ ವಾರ, ಚೀಯಮ್ಮನ ಮೊಣಕಾಲು ಕಟ್ಟೆಯ ಮೇಲೆ ಹೊರಳಿ ಮುರಿದು ಮೂರು ವಾರವಾಗಿತ್ತು, ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋದದ್ದನ್ನು ಕಾಳಿಯೂ ನೋಡಿದ್ದಳು, ನೋಡಿದ ಸಂಜೆಯೇ ಹರಕೆ ಹೊತ್ತಳು, ಅವನ ಕಿವಿಯಲ್ಲೇ ಹೊತ್ತಳು, ಬಾಯಿ ಅರ್ಧ ಓಡದಿದ್ದರೂ ಮಾತು ಗಟ್ಟಿಯಾಗಿಯೇ ಬಂತು, ನಮ್ ಚೀಯಮ್ಮ ಮತ್ತೆ ಕಟ್ಟೆ ಹತ್ತಿದ್ರೆ ತೊಳುವಿಗೆ ಹೋಗಿ ಪಟ್ಟದ ಹೋರಿಗೆ ಒಂದು ಕಟ್ಟು ಕಬ್ಬು ಕೊಡ್ತೀನಿ. ನಿನ್ನ ಕಾಲಿಗೆ ಹೊತ್ಕೊಳ್ಳೇ, ಎಂದಿದ್ದ ಅವನು. ನನ್ ಕಾಲು ನಡೆದಾಯ್ತು, ಆ ಹುಡ್ಗಿಗೆ ಇಪ್ಪತ್ತಾರೇ ವಯಸ್ಸು, ಎಂದಳು. ಆಮೇಲೆ ಅವಳಿಗೆ ಎರಡನೆಯ ಸಲ ಬಡಿಯಿತು, ಕಣ್ಣು ತೆರೆದರೆ ತೆರೆದಳು ಇಲ್ಲದಿದ್ದರೆ ಇಲ್ಲ, ಅವಳ ಬದಲು ಅವನೇ ಫೋನು ಹಿಡಿದು ನೋಡತೊಡಗಿದ, ಎದ್ದಾಗ ಕೇಳುತ್ತಾಳಲ್ಲ, ಹೇಳಬೇಕಲ್ಲ. ಅವತ್ತು ಬೆಳಗ್ಗೆ ನೋಡುತ್ತಾನೆ, ಕಟ್ಟೆಯ ನಡುವೆ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಆ ಬೆಲ್ಟು ಮಾತ್ರ, ಸುತ್ತ ಹೂವು, ಮೇಲೆ ದೊಡ್ಡ ಪರದೆಯಲ್ಲಿ ನಗುತ್ತಿರುವ ಚೀಯಮ್ಮನ ಪಟ, ಕಪ್ಪು ಬಟ್ಟೆ ತೊಟ್ಟ ಹುಡುಗಿಯರು ಸಾಲಾಗಿ ನಿಂತಿದ್ದಾರೆ, ಗೂಡಲೂರುಕಾರಿ ಬೆಲ್ಟನ್ನು ಎರಡೂ ಕೈಯಲ್ಲಿ ಎತ್ತಿ ಯಜಮಾನನಿಗೆ ಒಪ್ಪಿಸಿ ಬಿಕ್ಕಿ ಬಿಕ್ಕಿ ಅಳುತ್ತಾಳೆ, ಎಲ್ಲರೂ ಬಗ್ಗಿದರು, ಬಗ್ಗಿಯೇ ಇದ್ದರು. ಅವನು ಇನ್ನೇನು ತಿಳಿಯಬೇಕಿತ್ತು. ಹುಟ್ಟಿದಾಗಿನಿಂದ ಅವನು ಕಂಡ ಪಟ್ಟ ಒಂದೇ, ತೊಳುವಿನ ಹೋರಿಯ ಪಟ್ಟ, ಕಂಬಂ ಊರೊಳಗೆ ನೂರಾರು ದನ ನಿಲ್ಲುವ ಆ ದೊಡ್ಡಿಯೇ ಅವನ ಕುಲಕ್ಕೆ ದೇವಸ್ಥಾನ, ಅಲ್ಲಿನ ಹಾಲನ್ನು ಕರು ಬಿಟ್ಟರೆ ಯಾರೂ ಕುಡಿಯುವುದಿಲ್ಲ, ಅಲ್ಲಿ ಹೋರಿಗಳಲ್ಲಿ ಒಂದಕ್ಕೆ ಪಟ್ಟ, ಆ ಹೋರಿ ಮುದಿಯಾಗಲಿ, ಕುಂಟಾಗಲಿ, ಕಣ್ಣೇ ಹೋಗಲಿ, ಪಟ್ಟ ಅದರದೇ, ಇಳಿಸುವ ಮಾತೇ ಇಲ್ಲ, ಅದು ಮಣ್ಣಿಗೆ ಹೋದ ಮೇಲೆಯೇ ಕಂಬಳಿ ಹಾಸಿ ಕಬ್ಬಿಟ್ಟು ಉಳಿದವನ್ನು ಬಿಡುತ್ತಾರೆ, ಯಾವುದು ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಬದುಕಿರುವವರ ಪಟ್ಟವನ್ನು ಯಾರಾದರೂ ಹೂವಿಟ್ಟು ಅತ್ತು ತೆಗೆಯುತ್ತಾರೆಯೇ. ಅವನು ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡು ಬಂದ, ಒದ್ದೆ ತಲೆಯಲ್ಲೇ ಮಂಚದ ಹತ್ತಿರ ಕೂತ, ಕಾಳಿ ಕಣ್ಣು ತೆರೆದು, ಚೀಯಮ್ಮ ಹೆಂಗವ್ಳೆ, ಎಂದಳು, ಐವತ್ತೊಂದು ವರ್ಷದಲ್ಲಿ ಅವಳಿಗೆ ಸುಳ್ಳು ಹೇಳಿದವನಲ್ಲ, ಪಟ್ಟ ಇಳಿಸಿಬುಟ್ರು ಕಾಳಿ, ಎಂದ, ಹೋಗಿಬುಟ್ಟಳು, ಎಂದ.

ಅವಳ ಎಡಗಣ್ಣಿನಿಂದ ಮಾತ್ರ ನೀರು ಬಂತು, ಮೈ ಅಲುಗಿತು, ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಐದನೆಯ ದಿನ ಅವಳೂ ಹೋದಳು. ಹದಿನಾರನೆಯ ದಿನದ ಕಾರ್ಯ ಮುಗಿದು ಎಲ್ಲರೂ ಎಲೆ ಎತ್ತುವ ಹೊತ್ತಿನಲ್ಲಿ, ಚೀಯಮ್ಮನೂ ಹೋದಳಲ್ಲ ಎಂದು ಅವನು ಅಂದದ್ದಕ್ಕೆ, ಇಂದುಜಾ ಹೇಳಿದಳು, ಸಾಗಲೆ ತಾತಾ, ಸತ್ತಿಲ್ಲ, ಚೀಯೋ ಚೆನ್ನಾಗವಳೆ, ಆಪರೇಶನ್ ಆಗ್ಯದೆ, ಆಡಕ್ಕಾಗಲ್ಲ ಅಂತ ಬೆಲ್ಟ್ ತಿರುಗಿ ಕೊಟ್ಳು, ಅಲ್ಲಿ ಹಂಗೇ. ಅಲ್ಲಿ ಹಂಗೇ. ಯಾರಿಗೆ ಹೇಳುವುದು ಇದನ್ನು, ಅವನು ಯಾರಿಗೂ ಹೇಳಲಿಲ್ಲ, ಮಗನಿಗೂ ಇಲ್ಲ, ಹೋಗುವವಳ ಕೈಯಲ್ಲಿ ಒಂದು ಸುಳ್ಳು ಸಾವನ್ನು ಕೊಟ್ಟು ಕಳಿಸಿದೆ ಎಂದು ಯಾವ ಬಾಯಲ್ಲಿ ಹೇಳುವುದು, ಹೊತ್ತ ಹರಕೆಯನ್ನು ಅವಳು ಆ ಕ್ಷಣದಲ್ಲೇ ಕೆಳಗಿಟ್ಟುಬಿಟ್ಟಿರಬೇಕು, ಅವನ ಮಾತು ಕೇಳಿ, ಅವನ ಮಾತನ್ನೇ ನಂಬಿ. ಅವತ್ತಿನಿಂದ ದಿನವೂ ನೋಡುತ್ತಾನೆ, ಬೆಳಗ್ಗೆ ದೀಪ ಹಚ್ಚಿ ಅವಳ ಪಟದ ಮುಂದೆ ನಿಂತು ಆ ದಿನದ ಸಮಾಚಾರ ಒಪ್ಪಿಸುತ್ತಾನೆ, ತಪ್ಪು ಹೇಳಬಾರದೆಂದು ಇಂದುಜಾಳ ಹತ್ತಿರ ಎರಡೆರಡು ಸಲ ಕೇಳಿಕೊಂಡು, ಕಾಳಿ, ಖಾಲಿ ಬಿದ್ದ ಬೆಲ್ಟಿಗೆ ಎಂಟು ಜನ ಸುತ್ತು ಕುಸ್ತಿ ಮಾಡಿದರು, ಗೂಡಲೂರುಕಾರಿ ಗೆದ್ದಳು, ಗೆದ್ದು ಬೆಲ್ಟನ್ನು ಸೊಂಟಕ್ಕೆ ಕಟ್ಟಿಕೊಳ್ಳಲಿಲ್ಲ, ಇದರವಳು ಬರಲಿ ಎಂದಳಂತೆ, ಕಾಳಿ, ಆ ಹದಿನಾರರ ಹುಡುಗಿಗೆ ಮೊದಲ ಗೆಲುವು ಸಿಕ್ಕಿತು, ಕಾಳಿ, ಚೀಯಮ್ಮ ಊರುಗೋಲು ಬಿಟ್ಟಳು, ಕಾಳಿ, ಓಡಿದಳು, ಅವಳು ಓಡುವುದನ್ನು ಅರ್ಧ ನಿಮಿಷ ತೋರಿಸಿದರು. ಆದರೆ ಅವತ್ತು ನಿನಗೆ ನಾನು ಹೇಳಿದ್ದು ಸುಳ್ಳು, ಎಂಬ ಒಂದು ಮಾತು ಮಾತ್ರ ಬಾಯಿಗೆ ಬರುವುದಿಲ್ಲ, ಅದನ್ನು ಬರೀ ಬಾಯಲ್ಲಿ ಹೇಳಿದರೆ ನಂಬುತ್ತಾಳೆಯೇ, ಇನ್ನೊಮ್ಮೆ ಯಾಕೆ ನಂಬಬೇಕು, ಚೀಯಮ್ಮ ಕಟ್ಟೆ ಹತ್ತಿ ನಿಲ್ಲಬೇಕು, ಅದನ್ನು ಅವನು ಕಣ್ಣಾರೆ ಕಾಣಬೇಕು, ಆಮೇಲೆ ಹೇಳಬಹುದು, ಹರಕೆ ಸಲ್ಲುತ್ತದೋ ಇಲ್ಲವೋ ಅದು ಬೇರೆ, ಕೆಳಗಿಟ್ಟ ಹರಕೆಯನ್ನು ಇನ್ನೊಬ್ಬರು ಎತ್ತಿಕೊಳ್ಳಬಹುದೇ, ತೊಳುವಿನ ಪೂಜಾರಿಯನ್ನು ಕೇಳಲು ಮೂರು ಸಲ ಹೋಗಿ ಮೂರು ಸಲವೂ ದನಗಳ ಬೆನ್ನು ಸವರಿ ಹಾಗೇ ಬಂದ.

ನಾಲ್ಕನೆಯದೂ ಮುಗಿಯಿತು, ಯಾವಾಗ ಮುಗಿಯಿತು, ಫೋನಿನಲ್ಲಿ ಕಟ್ಟೆಯ ದೀಪ ಆರಿಸಿದ್ದಾರೆ, ಕತ್ತರಿ ನಿಂತಿದೆ, ತೋಟದ ಬೇಲಿಯ ಹತ್ತಿರ ಆಟೋ ನಿಂತ ಸದ್ದು, ಯಾರೋ ಇಳಿದು ಬೈಯುತ್ತಿದ್ದಾರೆ, ಮೆತ್ತಗೆ ಇಳ್ಸಪ್ಪಾ, ತುದಿ ಮುರಿದ್ರೆ ಸಾಮಿ ಮುಟ್ಟಲ್ಲ — ಆ ದನಿ ಚಿನ್ನತಾಯಿಯದು, ಕಾಳಿಯ ತಂಗಿ, ಪೆರಿಯಕುಳಂನಿಂದ ಭಾನುವಾರ ಬೆಳಗ್ಗೆ ಇವಳು ಇಲ್ಲಿ ಯಾಕೆ, ಚಪ್ಪರದ ಕೆಳಗೆ ಬಗ್ಗಿ ಬಗ್ಗಿ ಬರುತ್ತಾಳೆ, ಹಿಂದೆ ಸರಸು, ಸರಸುವಿನ ತೋಳಲ್ಲಿ ಹಸಿರು ಗರಿಯ ಸಮೇತ ಒಂದು ಕಟ್ಟು ಕಬ್ಬು. ಕಬ್ಬು. ಬಂದ್ಳಾ ಬಾವಾ, ನಮ್ ಚೀಯಮ್ಮ ಬಂದ್ಳಾ, ಬಸ್ಸು ಆಂಡಿಪಟ್ಟಿ ಸುತ್ಕೊಂಡು ಬಂದು ಸಾಯಿಸ್ಬುಡ್ತು, ಎನ್ನುತ್ತಾ ಚಿನ್ನತಾಯಿ ಖಾಲಿ ಕ್ರೇಟ್ ಮಗುಚಿ ಅದರ ಮೇಲೆ ಕೂರುತ್ತಾಳೆ, ಇನ್ನೂ ಇಲ್ಲ, ಈ ಕರುಂಬು ಯಾರಿಗೆ, ಎಂದು ಅವನು ಕೇಳುತ್ತಾನೆ, ಗೊತ್ತಿದ್ದೂ ಕೇಳುತ್ತಾನೆ, ಯಾರಿಗಾ, ಅಕ್ಕಂದು ಹರಕೆ ಅಲ್ವಾ, ಚೀಯಮ್ಮ ಬರೋ ದಿವ್ಸ ನೀನೇ ತಕ್ಕೊಂಡ್ ಹೋಗು, ನಿಮ್ ಬಾವ ಮರೆತ್ರೂ ಮರೀತಾರೆ ಅಂದಿದ್ಳು, ಇಂದುಜಾ ನೆನ್ನೆ ಫೋನ್ ಮಾಡಿ ನಾಳೇನೇ ಅಂದ್ಳು, ಬಂದೆ. ಯಾವಾಗ ಅಂದಳು, ಯಾವಾಗ, ಎರಡನೇ ಸಲ ಬಡಿಯೋಕೆ ಮುಂಚೆ ತಾನೇ. ಇಲ್ಲ ಬಾವಾ, ಹೋಗಕ್ಕೆ ಎರಡು ದಿವ್ಸ ಮುಂಚೆ, ನಾನೇ ಪಕ್ಕದಲ್ಲಿ ಕೂತಿದ್ನಲ್ಲ, ನೀವು ತೇನಿಗೆ ಔಷಧಿಗೆ ಹೋಗಿದ್ರಿ. ಎರಡು ದಿನ ಮುಂಚೆ. ಅಂದರೆ ಅವನು ಹೇಳಿದ ಮೇಲೆ. ಅವನು ಕತ್ತರಿಯನ್ನು ಕ್ರೇಟಿನ ಅಂಚಿಗೆ ಇಡುತ್ತಾನೆ, ಅದು ಬೀಳುತ್ತದೆ, ಎತ್ತುವುದಿಲ್ಲ, ಚಿನ್ನಿ, ನಾನು ಅವಳಿಗೆ ಹೇಳಿದ್ದೆ — ಚೀಯಮ್ಮ ಸತ್ತೋದ್ಳು ಅಂತ ನಾನೇ — ಹನ್ನೊಂದು ತಿಂಗಳು ನುಂಗಿದ್ದು ದ್ರಾಕ್ಷಿ ಚಪ್ಪರದ ಕೆಳಗೆ ಸೊಸೆಯ ಮುಂದೆ ಹೀಗೆ ಬಾಯಿಂದ ಬಿದ್ದುಹೋಯಿತು.

ಚಿನ್ನತಾಯಿ ಅವನ ಮುಖ ನೋಡುತ್ತಾಳೆ, ಸೆರಗನ್ನು ಬಾಯಿಗೆ ಒತ್ತುತ್ತಾಳೆ, ಅಳುತ್ತಾಳೆಂದುಕೊಂಡರೆ ಅವಳು ನಗುತ್ತಿದ್ದಾಳೆ, ಅಯ್ಯೋ ಬಾವಾ, ಅದ ಹೇಳ್ಲಿಲ್ವಾ ಅವ್ಳು ನಿಮ್ಗೆ, ನಂಗೆ ಹೇಳಿ ಹೇಳಿ ನಕ್ಕಳಲ್ಲ, ಚಿನ್ನೀ, ನಿಮ್ ಬಾವ ಚೀಯಮ್ಮಂಗೆ ತಲೆಗೆ ನೀರ್ ಹಾಕ್ಕೊಂಡು ಬಂದವ್ರೆ, ತೊಳು ಹೋರಿ ಅಂತ ತಿಳ್ಕೊಂಡ್ರು ಪಾಪ, ಬೆಲ್ಟು ತಿರುಗಿ ಕೊಟ್ರೆ ಸತ್ತಂಗಾ, ಎರಡು ವರ್ಷದಲ್ಲಿ ನಾ ಎಷ್ಟು ಜನ ಕೊಟ್ಟದ್ದ ನೋಡಿಲ್ಲ, ಅಂತ. ಅತ್ತಳು, ಎನ್ನುತ್ತಾನೆ ಅವನು, ನಾನು ಕಂಡೆ, ಕಣ್ಣಲ್ಲಿ ನೀರು ಬಂತು, ಗೋಡೆ ಕಡೆ ತಿರುಗಿದಳು. ನಗೂನೂ ಅಳೂನೂ ಆ ಮುಖದಲ್ಲಿ ಒಂದೇ ಆಗಿತ್ತಲ್ಲ ಬಾವಾ ಕಡೇಲಿ, ನೀವು ನೋಡ್ಬಾರ್ದು ಅಂತ ತಿರುಗಿದ್ಳು, ನಕ್ರೆ ನಿಮ್ಗೆ ನಾಚ್ಕೆ ಆಗ್ತದೆ ಅಂತ. ಹೇಳಕ್ಕ ಅವ್ರಿಗೆ ಅಂದೆ ನಾನು, ಬೇಡ ಬುಡು, ಆ ಮನುಷ್ಯ ನನ್ ಮುಂದೆ ಒಂದಿವ್ಸ ಅತ್ತಿಲ್ಲ, ಚೀಯಮ್ಮನ ನೆಪದಲ್ಲಾದ್ರೂ ಅಳ್ಲಿ, ಅಂದ್ಳು. ನಾಳೆ ನಾನೇ ಹೇಳ್ತೀನಿ ಅಂದ್ಳು. ಮಾರ್ನೇ ದಿವ್ಸ ಬಾಯೇ ಏಳಲಿಲ್ಲ. ನೀವು ಕೇಳ್ಲಿಲ್ಲ, ನಾನು ಅವ್ಳು ಹೇಳವ್ಳೆ ಅಂತಲೇ ಇದ್ದೆ, ನೀವು ಹಿಂಗೆ ಹೊಟ್ಟೆಯೊಳಗೆ ಇಟ್ಕೊಂಡಿದ್ದುದು ಯಾರು ಕಂಡ್ರು. ಸರಸು ಕಬ್ಬಿನ ಕಟ್ಟನ್ನು ಎದೆಗೆ ಹಿಡಿದುಕೊಂಡು ನಿಂತಿದ್ದಾಳೆ, ಮಾವಾ, ಎನ್ನುತ್ತಾಳೆ. ಕಾಳಿ ನಗುತ್ತಿದ್ದಳು. ಮೈ ಅಲುಗಿದ್ದು ನಗೆಗೆ. ಮದುವೆಯಾದ ಹೊಸದರಲ್ಲಿ ಅವನು ಗಂಭೀರವಾಗಿ ಏನಾದರೂ ಹೇಳಿದಾಗಲೆಲ್ಲ ಹೀಗೇ ಸೆರಗು ಕಚ್ಚಿಕೊಂಡು ಗೋಡೆಗೆ ತಿರುಗುತ್ತಿದ್ದಳಲ್ಲ, ಐವತ್ತೊಂದು ವರ್ಷ ಆ ಬೆನ್ನು ನೋಡಿದವನಿಗೆ ಗುರುತು ಸಿಗಲಿಲ್ಲವಲ್ಲ, ಅವಳನ್ನು ನಗಿಸಿ ಕಳಿಸಿದ್ದೇನೆ, ಅಯ್ಯೋ ದೇವರೇ, ನಗಿಸಿ ಕಳಿಸಿದ್ದೇನೆ, ಅವಳು ಹರಕೆಯನ್ನು ಕೆಳಗಿಡಲೇ ಇಲ್ಲ, ಅವನ ಕಣ್ಣಿನಿಂದ ನೀರು ಇಳಿದು ಮೀಸೆಯೊಳಗೆ ಹೋಗುತ್ತದೆ, ಒರೆಸಲು ಕೈ ಎತ್ತಿದರೆ ಕೈ ತುಂಬ ದ್ರಾಕ್ಷಿಯ ರಸ.

ಬಂದ್ಳು ಬಂದ್ಳು, ಎಂದು ಚಿನ್ನತಾಯಿ ಅವನ ತೊಡೆ ಗುದ್ದುತ್ತಾಳೆ. ಪರದೆ ತುಂಬ ಹಳದಿ ಕಾಗದದ ಪಟ್ಟಿಗಳು ಹಾರಿ ಬರುತ್ತಿವೆ, ನೋಡುವ ಜನ ನಾಲ್ಕು ಕಡೆಯಿಂದ ಎಸೆದದ್ದು, ನೂರಾರು, ಹಳದಿ ಚೀಯಮ್ಮನ ಬಣ್ಣ, ಆ ಹಳದಿಯ ನಡುವೆ ಕುಳ್ಳಗೆ ಗಟ್ಟಿಯಾಗಿ ಬೆನ್ನು ಬಾಗಿಸಿಕೊಂಡು ಅವಳು, ಮೊಣಕಾಲಿಗೆ ಕಪ್ಪು ಪಟ್ಟಿ, ಮೂರು ಮೆಟ್ಟಿಲು, ಒಂದೊಂದಕ್ಕೂ ಒಂದು ಕ್ಷಣ ನಿಂತು, ಕೆಳಗಿನ ಹಗ್ಗವನ್ನು ಬಲಗಾಲಿನಿಂದ ದಾಟಿ, ಎಡಗಾಲಿನಿಂದ ದಾಟಿ, ಹತ್ತಿದಳು, ನಿಂತಳು. ಸಂದಾಯಿತು ಬಾವಾ, ಹರಕೆ ಸಂದಾಯಿತು, ಎದ್ದೇಳಿ, ತೊಳು ಬಾಗಿಲು ಹನ್ನೆರಡಕ್ಕೆ ಹಾಕ್ಬುಡ್ತಾರೆ, ಆಟೋ ನಿಂತದೆ, ಎಂದು ಚಿನ್ನತಾಯಿ, ಇರು ಚಿನ್ನಿ, ಎಂದು ಅವನು, ಗೆಲ್ಲೋದು ಸೋಲೋದು ನಮ್ಗೇನ್, ಹರಕೆ ಅದಕ್ಕಲ್ಲ, ಎಂದು ಅವಳು, ಇರು, ಇರು, ಎಂದು ಅವನು. ಎದುರಿಗೆ ಗೂಡಲೂರುಕಾರಿ, ದಪ್ಪ ಹುಬ್ಬು, ಸೊಂಟಕ್ಕೆ ಕಟ್ಟದೆ ಹೆಗಲ ಮೇಲೆ ಹಾಕಿಕೊಂಡ ಬೆಲ್ಟು, ಗಂಟೆ ಹೊಡೆಯಿತು, ಗೂಡಲೂರುಕಾರಿಗೆ ಕರುಣೆ ಎಂಬುದೇ ಇಲ್ಲ, ಅದೇ ಕಾಲನ್ನು ಒದೆಯುತ್ತಾಳೆ, ಎತ್ತಿ ಬಡಿಯುತ್ತಾಳೆ, ಮೇಲೆ ಬಿದ್ದು ಅದುಮುತ್ತಾಳೆ, ತೀರ್ಪುಗಾರ ಅಂಗೈಯಿಂದ ನೆಲ ಬಡಿದು ಎಣಿಸುತ್ತಾನೆ, ಎರಡು ಹೆಗಲೂ ನೆಲದಲ್ಲಿದ್ದರೆ ಮೂರಕ್ಕೆ ಮುಗಿಯಿತು, ಒಂದು, ಎರಡು — ಹೆಗಲು ಎದ್ದಿತು. ಅಪ್ಪಾ, ಎಂದಳು ಸರಸು, ಕಬ್ಬು ಹಿಡಿದುಕೊಂಡೇ ಬಗ್ಗಿ ನೋಡುತ್ತಿದ್ದಾಳೆ, ಲಾರಿಯ ಮಾತೇ ಇಲ್ಲ. ಚೀಯಮ್ಮ ಎದ್ದಳು, ಇವಳೂ ಹೊಡೆದಳು, ಮೊಣಕೈಯಿಂದ, ಮತ್ತೆ ಮೊಣಕೈಯಿಂದ, ಎದುರಿನವಳ ಹಲ್ಲು ಕಾಣುತ್ತದೆ, ನಗುತ್ತಾಳೋ ಅಳುತ್ತಾಳೋ ತಿಳಿಯದ ಮುಖ, ಇನ್ನು ಮುಖ ನೋಡಿ ಏನನ್ನೂ ತೀರ್ಮಾನ ಮಾಡುವವನಲ್ಲ ಮೂಕಯ್ಯ, ಮತ್ತೆ ಬಿದ್ದಳು, ತಲೆ ಕೆಳಗಾಗಿ ಬಿದ್ದಳು, ಒಂದು, ಎರಡು — ಹೆಗಲು. ಆಟೋದವನು ಹಾರನ್ ಒತ್ತುತ್ತಾನೆ. ಹೋಗೋಣ, ಹೋಗಿ ಕಬ್ಬು ಇಟ್ಟು ಹೋರಿಯ ಗಂಗೆದೊಗಲು ಸವರಿ, ಕಾಳಿ, ನಿನ್ನದು ಸಂದಾಯಿತು ಎನ್ನೋಣ, ನೀನು ನಕ್ಕದ್ದು ಇವತ್ತು ನನಗೆ ಬಂದು ಸೇರಿತು ಎನ್ನೋಣ, ನಾಳೆ ಬೆಳಗ್ಗೆ ಪಟದ ಮುಂದೆ ನಿಂತು ಇನ್ನೇನು ಹೇಳಬೇಕು, ಹೇಳುವುದಕ್ಕೆ ಇದೆ, ನಾಳೆಗೂ ಇದೆ, ನಾಡಿದ್ದಿಗೂ ಇದೆ, ಆ ಹದಿನಾರರ ಹುಡುಗಿಗೆ ಮುಂದಿನ ವಾರ ಜೋಡಿ ಕುಸ್ತಿಯಂತೆ, ಚೀಯಮ್ಮನ ಕಾಲು ನಡುಗುತ್ತಿದೆ, ಕಪ್ಪು ಪಟ್ಟಿ ಸಡಿಲವಾಗಿದೆ, ಗೂಡಲೂರುಕಾರಿ ಅವಳನ್ನು ಬೆನ್ನ ಮೇಲೆ ಹೊತ್ತು ತಿರುಗಿಸಿ ಹಾಕಿದ ಸದ್ದು ಇಲ್ಲಿಯ ಕ್ರೇಟಿನಲ್ಲೇ ಕೇಳಿದಂತಾಯಿತು, ಚಿನ್ನತಾಯಿ ಕಣ್ಣು ಮುಚ್ಚಿಕೊಂಡಳು, ಅವನು ಮುಚ್ಚಿಕೊಳ್ಳಲಿಲ್ಲ, ಬೆವರಿಗೆ ಅಂಟಿದ ಹಳದಿ ಕಾಗದದ ಚೂರು, ನೆಲಕ್ಕೆ ಒತ್ತಿದ ಎರಡು ಹೆಗಲು, ಅಂಗೈ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಒಂದು, ಅಂಗೈ ಮತ್ತೆ ಮೇಲೆ ಹೋಗುತ್ತದೆ, ಎರಡು, ಅಂಗೈ ಮೇಲೆ — ಹೆಗಲು, ಎಡ ಹೆಗಲು, ನೆಲ ಬಿಟ್ಟು, ಒಂದು ಬೆರಳಿನಷ್ಟು ಮೇಲೆ ಎದ್ದಿತು.